ಕಾರ್ ರೇಡಿಯೊಗೆ ಬೀಗ ಬಿದ್ದ ಕಥೆ

ಮಾರತ್ತಹಳ್ಳಿಯಲ್ಲಿ ಹಳೇ ಕಾರು ಕೊಂಡು ಊರಿಗೆ ತಂದಿರಿ ಎನ್ನಿ. ಬ್ಯಾಟರಿ ಬದಲಿಸಿದ ಮೇಲೆ ಕೆಲವು ಕಾರುಗಳ ರೇಡಿಯೊ ಹಾಡುವುದಿಲ್ಲ, ‘ಕೋಡ್’ ಕೇಳುತ್ತದೆ. ಏಕೆ?

1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಕಾರ್ ರೇಡಿಯೊ ಬಂದಾಗ ಇಂಥ ಬೀಗ ಇರಲಿಲ್ಲ. ನಮ್ಮಲ್ಲಿ ಬೇರೆ ಬೀಗವಿತ್ತು: 1980ರ ದಶಕದವರೆಗೂ ರೇಡಿಯೊ ಇಡಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಅದು ರದ್ದಾಗುವ ಹೊತ್ತಿಗೆ ಯುರೋಪ್, ಅಮೆರಿಕದಲ್ಲಿ ಕಾರಿನ ಗಾಜು ಒಡೆದು ರೇಡಿಯೊ ಕದಿಯುವ ಕಾಟ ಹೆಚ್ಚಿತ್ತು. ಕಂಪನಿಗಳು ಕೋಡ್ ತಂದವು. ಬ್ಯಾಟರಿ ಸಂಪರ್ಕ ತಪ್ಪಿದರೆ ರೇಡಿಯೊ ಬೀಗ ಹಾಕಿಕೊಳ್ಳುತ್ತದೆ. ಕದ್ದವನಿಗೆ ಸಿಗುವುದು ಬರೀ ಡಬ್ಬ.

ಆದರೆ ಕಳ್ಳ ಯಾರು, ಮಾಲೀಕ ಯಾರು ಎಂದು ಅದಕ್ಕೆ ತಿಳಿಯದು. ಊಹಿಸಿ ತಪ್ಪು ಅಂಕಿ ಒತ್ತಿದಷ್ಟೂ ಕಾಯಿಸುತ್ತದೆ. ಕಾರು ಕೊಳ್ಳುವಾಗ ಆರ್‌ಸಿ ಜೊತೆ ಕೋಡ್ ಕಾರ್ಡನ್ನೂ ಕೇಳಿ ಪಡೆಯಿರಿ. ಅದಿಲ್ಲವೇ? ರೇಡಿಯೊದ ಸೀರಿಯಲ್ ನಂಬರ್, ಕಾರಿನ ದಾಖಲೆ ಹಿಡಿದು ಡೀಲರ್ ಬಳಿ ವಿಚಾರಿಸಿ.