ಕೈ ಸೋಲುವವರೆಗೆ ಎತ್ತಬೇಕೆ?

ಪುಣೆಯ ನಮ್ಮ ಸೊಸೈಟಿಯ ಜಿಮ್ಮಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ಕೇಳುವ ಕೂಗು ಒಂದೇ: 'ಔರ್ ಏಕ್, ಸರ್!' ಹತ್ತು ಮುಗಿದರೆ ಹನ್ನೊಂದು, ಅದೂ ಮುಗಿದರೆ ಹನ್ನೆರಡು. ತೋಳು ನಡುಗಿ, ಇನ್ನು ಆಗುವುದೇ ಇಲ್ಲ ಎನ್ನುವವರೆಗೆ ಟ್ರೈನರ್ ಬಿಡುವುದಿಲ್ಲ. ನಲವತ್ನಾಲ್ಕರ ವಯಸ್ಸಿನಲ್ಲಿ ಈ ಮಂತ್ರವನ್ನು ನಂಬಿ ನಾಲ್ಕು ತಿಂಗಳು ಮಾಡಿದೆ. ಐದನೆಯ ತಿಂಗಳು ಬಲಭುಜ ಹಿಡಿದುಕೊಂಡಿತು. ಊರಿಗೆ ಹೊರಟ ಬಸ್ಸಿನಲ್ಲಿ ಬ್ಯಾಗನ್ನು ಮೇಲಿಡಲು ಪಕ್ಕದ ಸೀಟಿನ ಹುಡುಗನನ್ನು ಕೇಳಬೇಕಾಯಿತು.

'ಪ್ರತಿ ಸೆಟ್ಟನ್ನೂ ಕೈ ಸೋಲುವವರೆಗೆ ಮಾಡಬೇಕೆಂದು ಹೇಳಿದವರು ಯಾರು?' ಎಂದು ಫಿಸಿಯೋಥೆರಪಿಸ್ಟ್ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆಫೀಸಿನಲ್ಲಿ ಯಾವ ಹಳೆಯ ನಿಯಮ ಕಂಡರೂ 'ಇದನ್ನು ಯಾರು ಮಾಡಿದ್ದು, ಯಾಕೆ ಮಾಡಿದ್ದು' ಎಂದು ಕೆದಕುವುದು ನನ್ನ ಕೆಲಸ. ಇದನ್ನೂ ಕೆದಕಿದೆ.

ಭಾರ ಎತ್ತಿ ಮೈ ಬೆಳೆಸುವುದು ಹಳೆಯ ವಿದ್ಯೆ. 'ಶಾಂತಲಾ' ಕಾದಂಬರಿ ಬರೆದ ನಮ್ಮ ಕೆ.ವಿ. ಅಯ್ಯರ್ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ಜಿಮ್ನಾಸಿಯಂನಲ್ಲಿ ಸೂರ್ಯನಮಸ್ಕಾರದ ಜೊತೆಗೆ ಬಾರ್‌ಬೆಲ್ಲನ್ನೂ ಕಲಿಸುತ್ತಿದ್ದರು. ಆದರೆ ಆಗಿನ ಅನೇಕ ವೈದ್ಯರಿಗೆ ಭಾರವೆಂದರೆ ಭಯ. ಗಾಯಾಳುಗಳಿಗೆ ಹಗುರ ತೂಕ ಕೊಟ್ಟು, ಹೆಚ್ಚು ಸಲ ಎತ್ತಿಸುವುದೇ ವಾಡಿಕೆಯಾಗಿತ್ತು.

ಇದನ್ನು ಬದಲಿಸಿದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್. ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರದಿಂದ ಸೊರಗಿ, ಭಾರ ಎತ್ತಿಯೇ ಚೇತರಿಸಿಕೊಂಡ ಮನುಷ್ಯ ಅವರು. ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯಲ್ಲಿ ಮಂಡಿಗೆ ಪೆಟ್ಟಾದ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ತೂಕ ಸೇರಿಸುತ್ತ ಹೋದರು. 1945ರಲ್ಲಿ ಫಲಿತಾಂಶ ಪ್ರಕಟಿಸಿದರು.

ಒಬ್ಬೊಬ್ಬ ಸೈನಿಕನ ಕಾಲು ಒಂದೊಂದು ಮಟ್ಟಿಗೆ ದುರ್ಬಲ. ಯಾರಿಗೆ ಎಷ್ಟು ಭಾರ ಕೊಡುವುದು? ಡಿಲೋರ್ಮ್ ಒಂದು ಅಳತೆ ಹಿಡಿದರು: ಹತ್ತು ಸಲ ಎತ್ತಲು ಸಾಧ್ಯ, ಹನ್ನೊಂದನೆಯ ಸಲ ಅಸಾಧ್ಯ, ಅಂಥ ತೂಕ. ಬಲ ಹೆಚ್ಚಿದಂತೆ ಮತ್ತೆ ಅಳೆದು ಭಾರ ಏರಿಸುವುದು. ಕೈಕಾಲು ಸೋಲುವ ಬಿಂದು ಅವರ ಪದ್ಧತಿಯೊಳಗೆ ಬಂದದ್ದು ಹೀಗೆ, ಅಳತೆಗೋಲಾಗಿ. ಮೊದಲು ಅವರು ಒಂದೇ ಸಲಕ್ಕೆ 70ರಿಂದ 100 ರೆಪ್ ಮಾಡಿಸುತ್ತಿದ್ದರು. 1948ರ ಹೊತ್ತಿಗೆ ಸಹೋದ್ಯೋಗಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ, ಅಷ್ಟು ಬೇಡವೆಂದು ತೀರ್ಮಾನಿಸಿ ಮೂರು ಸೆಟ್ಟಿಗೆ ಇಳಿಸಿದರು: ಆ ತೂಕದ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. ಮಿತಿಯ ಅಂಚಿಗೆ ಹೋಗುತ್ತಿದ್ದದ್ದು ಕೊನೆಯ ಸೆಟ್ ಮಾತ್ರ.

ಈ ಅಳತೆ ಮಂತ್ರವಾದದ್ದು 1970ರ ದಶಕದಲ್ಲಿ. ಆರ್ಥರ್ ಜೋನ್ಸ್ ಎಂಬ ಅಮೆರಿಕನ್ನರು ನಾಟಿಲಸ್ ಎಂಬ ವ್ಯಾಯಾಮ ಯಂತ್ರಗಳನ್ನು ಮಾರುತ್ತಿದ್ದರು. ಪ್ರತಿ ಯಂತ್ರದಲ್ಲಿ ಒಂದೇ ಸೆಟ್, ಆದರೆ ಪೂರ್ತಿ ಸೋಲುವವರೆಗೆ. ಇದು ಅವರ ವಾದ. 1973ರಲ್ಲಿ ಕೊಲರಾಡೋದ ವಿಶ್ವವಿದ್ಯಾಲಯವೊಂದರಲ್ಲಿ ಕೇಸಿ ವಯಟರ್ ಎಂಬ ದೇಹದಾರ್ಢ್ಯಪಟುವನ್ನು 28 ದಿನ ಹೀಗೆ ದುಡಿಸಿ, ಸುಮಾರು 28 ಕಿಲೋ ಸ್ನಾಯು ಬೆಳೆಯಿತೆಂದು ಸಾರಿದರು. ಆದರೆ ವಯಟರ್ ಮೊದಲೇ 'ಮಿಸ್ಟರ್ ಅಮೆರಿಕ' ಆಗಿದ್ದವರು. ಅಪಘಾತ ಮತ್ತು ಚುಚ್ಚುಮದ್ದಿನ ಅಲರ್ಜಿಯಿಂದ ಬಹಳ ಇಳಿದುಹೋಗಿದ್ದರು. ಕಳೆದುಕೊಂಡ ಮೈಯನ್ನು ಮರಳಿ ಪಡೆಯುವುದು ಹೊಸದಾಗಿ ಬೆಳೆಸುವುದಕ್ಕಿಂತ ಸುಲಭ. ಹೋಲಿಸಿ ನೋಡಲು ಬೇರೆ ರೀತಿ ವ್ಯಾಯಾಮ ಮಾಡಿದ ಗುಂಪೂ ಇರಲಿಲ್ಲ.

ಆದರೂ ಮಾತು ಹರಡಿತು. ಮೈಕ್ ಮೆಂಟ್ಝರ್ ಅದನ್ನು 'ಹೆವಿ ಡ್ಯೂಟಿ' ಎಂದು ಕರೆದು ಬೆಳೆಸಿದರು. ಅದೇ ದಾರಿಯಲ್ಲಿ ನಡೆದ ಡೋರಿಯನ್ ಯೇಟ್ಸ್ 1992ರಿಂದ 1997ರವರೆಗೆ ಸತತ ಆರು ಸಲ 'ಮಿಸ್ಟರ್ ಒಲಿಂಪಿಯಾ' ಗೆದ್ದರು. ಈ ನಡುವೆ ತೋಳಿನ ಸ್ನಾಯುಗಳು ಹರಿದು, ಕೊನೆಗೆ ನಿವೃತ್ತರಾದರು. ಅವರಿಗಿಂತ ಮುಂಚೆ ಎಂಟು ಸಲ ಗೆದ್ದ ಲೀ ಹೇನಿಯದು ಬೇರೆಯೇ ನಿಲುವು: ಸ್ನಾಯುವನ್ನು ಎಚ್ಚರಿಸಿದರೆ ಸಾಕು, ಧ್ವಂಸ ಮಾಡುವುದು ಬೇಡ. ಇಬ್ಬರೂ ಗೆದ್ದರು. ಗೆದ್ದವರ ಪದ್ಧತಿಯನ್ನು ನೋಡಿ ನಿಯಮ ಕಟ್ಟುವುದು ಎಷ್ಟು ಕಷ್ಟ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪ್ರಯೋಗಾಲಯಗಳು ಈ ಪ್ರಶ್ನೆಯನ್ನು ಸರಿಯಾಗಿ ಕೈಗೆತ್ತಿಕೊಂಡದ್ದು ತಡವಾಗಿ. ಮೊದಲ ಉತ್ತರಗಳೂ ಒಂದೇ ರೀತಿ ಇರಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಕಿರಿಯ ಕ್ರೀಡಾಪಟುಗಳ ಮೇಲೆ ನಡೆದ ಅಧ್ಯಯನದಲ್ಲಿ ಸೋಲುವವರೆಗೆ ಎತ್ತಿದವರೇ ಹೆಚ್ಚು ಬಲ ಗಳಿಸಿದರು. 2006ರಲ್ಲಿ ಸ್ಪೇನಿನ ಮಿಕೆಲ್ ಇಜ್ಕಿಯೆರ್ದೊ ತಂಡ ಕಂಡದ್ದು ಬೇರೆ: 11 ವಾರಗಳ ನಂತರ ಎರಡೂ ಗುಂಪಿನ ಬಲ ಹೆಚ್ಚುಕಡಿಮೆ ಸಮವಾಗಿತ್ತು. 2021ರಲ್ಲಿ 15 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಬಲದಲ್ಲಾಗಲಿ ಸ್ನಾಯುವಿನ ಗಾತ್ರದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2024ರ ಇನ್ನೊಂದು ದೊಡ್ಡ ವಿಶ್ಲೇಷಣೆ ಚಿತ್ರವನ್ನು ಸ್ವಲ್ಪ ತಿದ್ದಿತು: ಬಲಕ್ಕೆ ಅಂಚು ಮುಖ್ಯವಲ್ಲ, ಗಾತ್ರಕ್ಕಾದರೆ ಅಂಚಿನ ಹತ್ತಿರ ಹೋದಷ್ಟೂ ಲಾಭ ಹೆಚ್ಚುತ್ತದೆ.

ಹತ್ತಿರ ಹೋಗಬೇಕಾದದ್ದು ಯಾಕೆ? ನಮ್ಮ ನರಮಂಡಲ ಜಿಪುಣ. ಹಗುರ ಕೆಲಸಕ್ಕೆ ಸಣ್ಣ ಸ್ನಾಯುತಂತುಗಳನ್ನಷ್ಟೇ ಕರೆಯುತ್ತದೆ. ಅವು ಸಾಲದಾದಾಗ ದೊಡ್ಡವನ್ನು ಎಬ್ಬಿಸುತ್ತದೆ. ಭಾರ ಹೆಚ್ಚಿದ್ದರೆ ದೊಡ್ಡವು ಆರಂಭದಲ್ಲೇ ಏಳುತ್ತವೆ. ಹಗುರ ಭಾರವಾದರೆ ದಣಿವು ಏರಿದ ಮೇಲೆ ಮಾತ್ರ. 2012ರಲ್ಲಿ ಕೆನಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಗರಿಷ್ಠ ಸಾಮರ್ಥ್ಯದ ಶೇ. 30ರಷ್ಟು ಭಾರವನ್ನು ಸೋಲುವವರೆಗೆ ಎತ್ತಿದಾಗಲೂ ಶೇ. 80ರಷ್ಟು ಭಾರ ಎತ್ತಿದಷ್ಟೇ ತೊಡೆಯ ಸ್ನಾಯು ಬೆಳೆಯಿತು. ಹಾಗಾಗಿ ಮನೆಯಲ್ಲಿ ಎರಡು ಕಿಲೋ ಡಂಬೆಲ್ ಹಿಡಿದವರು ನಿಜಕ್ಕೂ ದಣಿಯಲೇಬೇಕು. ಭಾರ ಹೆಚ್ಚಿದ್ದವರು ಒಂದೆರಡು ರೆಪ್ ಉಳಿಸಿ ನಿಲ್ಲಿಸಿದರೂ ನಷ್ಟ ಅಲ್ಪ. ಆ ಕೊನೆಯ ಒಂದೆರಡಕ್ಕೆ ತೆರುವ ಬೆಲೆ ಬೇರೆ: ಚೇತರಿಕೆಗೆ ಹೆಚ್ಚು ಸಮಯ ಬೇಕು, ದಣಿದ ತೋಳು ಸರಿಯಾದ ಭಂಗಿಯನ್ನು ಬಿಟ್ಟುಬಿಡುತ್ತದೆ. ನನ್ನ ಭುಜ ಕೆಟ್ಟದ್ದು ಅಂಥದೊಂದು ಹನ್ನೆರಡನೆಯ ರೆಪ್ಪಿನಲ್ಲಿ.

ಪ್ರಾಜೆಕ್ಟುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರಗತಿ ತಿಳಿಯಲೆಂದು ಒಂದು ಸಂಖ್ಯೆ ಇಡುತ್ತೇವೆ. ಆರು ತಿಂಗಳಲ್ಲಿ ಇಡೀ ತಂಡ ಆ ಸಂಖ್ಯೆಗಾಗಿಯೇ ದುಡಿಯತೊಡಗುತ್ತದೆ. ಡಿಲೋರ್ಮ್ ಅವರ ಅಳತೆಗೂ ಹಾಗೇ ಆಯಿತು. ಅವರು ನಿಜವಾಗಿ ಬಿಟ್ಟುಹೋದ ಪಾಠ, ಬಲ ಬಂದಂತೆ ಸ್ವಲ್ಪ ಸ್ವಲ್ಪವೇ ಭಾರ ಏರಿಸುವುದು. ಅದು ಕೂಗಿ ಹೇಳುವಂಥ ಪಾಠವಲ್ಲ, ಡೈರಿಯಲ್ಲಿ ಬರೆದಿಟ್ಟುಕೊಳ್ಳುವಂಥದ್ದು.

ಈಗ ನಾನೂ ಒಂದು ಡೈರಿ ಇಟ್ಟಿದ್ದೇನೆ. ಇನ್ನೆರಡು ಆಗುತ್ತದೆ ಎನಿಸುವಾಗಲೇ ಬಾರ್ ಕೆಳಗಿಡುತ್ತೇನೆ. ಟ್ರೈನರ್ ಹುಡುಗ ಇನ್ನೂ 'ಔರ್ ಏಕ್' ಎನ್ನುತ್ತಾನೆ, ನಾನು 'ಕಲ್' ಎಂದು ನಗುತ್ತೇನೆ. ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಬ್ಯಾಗನ್ನು ನಾನೇ ಮೇಲಿಟ್ಟೆ.