ಅಲ್ಜಿಯರ್ಸ್ ಬಂದರು ಕಟ್ಟಿದ ಕೈಗಳು

ಉತ್ತರ ಆಫ್ರಿಕಾದ ಅಲ್ಜಿಯರ್ಸ್ ಊರಿನ ಎದುರಿಗೇ ಒಂದು ಸಣ್ಣ ದ್ವೀಪವಿತ್ತು. 1510ರಲ್ಲಿ ಸ್ಪೇನಿನವರು ಅಲ್ಲಿ ಕೋಟೆ ಕಟ್ಟಿ, ಊರಿನತ್ತ ಫಿರಂಗಿ ಇಟ್ಟರು. ವ್ಯಾಪಾರಕ್ಕೆ ಅದೇ ಅಡ್ಡಗಾಲು.

ಒಟ್ಟೋಮನ್ ಸುಲ್ತಾನನ ಬೆಂಬಲವಿದ್ದ ಖೈರುದ್ದೀನ್ ಬಾರ್ಬರೋಸಾ 1529ರಲ್ಲಿ ಕೋಟೆ ಗೆದ್ದು ಕೆಡವಿಸಿದ. ಅದರ ಕಲ್ಲಿನಿಂದಲೇ ದ್ವೀಪಕ್ಕೂ ದಡಕ್ಕೂ ನಡುವೆ ಒಡ್ಡು ಹಾಕಿಸಿದ. ಹಡಗುಗಳಿಗೆ ಆಸರೆ ಸಿಕ್ಕಿತು. ಕಲ್ಲು ಹೊತ್ತವರು ಮಾತ್ರ ಕ್ರೈಸ್ತ ಸೆರೆಯಾಳುಗಳು.

ಇಲ್ಲಿಂದ ಗೋಧಿ, ಚರ್ಮ, ಜೇನುಮೇಣ ಯುರೋಪಿಗೆ ಹೋಗುತ್ತಿದ್ದವು. ಜೊತೆಗೆ ಸಮುದ್ರದಲ್ಲಿ ಹಿಡಿದ ಜನರ ವ್ಯಾಪಾರವೂ ಇತ್ತು. ದುಡ್ಡಿದ್ದವರಿಗೆ ಬಿಡುಗಡೆ, ಬಡವರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಕೆಲಸ. 1575ರಲ್ಲಿ ಸಿಕ್ಕಿಬಿದ್ದ ಸ್ಪೇನಿನ ಲೇಖಕ ಸೆರ್ವಾಂಟಿಸ್, ಹಣ ಹೊಂದುವವರೆಗೆ 5 ವರ್ಷ ಇಲ್ಲೇ ಕಳೆದ.

ಹಾಗೆಂದು ಇದು ಒಂದೇ ದಡದ ತಪ್ಪಲ್ಲ ನೋಡಿ. ಆಚೆ ದಡದ ಕ್ರೈಸ್ತ ಬಂದರುಗಳಲ್ಲಿ ಮುಸ್ಲಿಂ ಸೆರೆಯಾಳುಗಳೂ ಮಾರಾಟವಾಗುತ್ತಿದ್ದರು. ಎರಡೂ ಕಡೆ ಮನುಷ್ಯನೇ ಸರಕಾಗಿದ್ದ.