ಹೇಳದೆ ಹಾಕಿದ ಓಟು

2024ರ ಜೂನ್ 4ರ ಮಧ್ಯಾಹ್ನ, ಆಫೀಸಿನ ಕ್ಯಾಂಟೀನಿನ ಟಿವಿ ಮುಂದೆ ಎಂದೂ ಇಲ್ಲದಷ್ಟು ಜನ ಸೇರಿದ್ದರು. ನಾನಿರುವ ಪಟಾನ್‌ಚೆರು ಮೆದಕ್ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅಲ್ಲಿ ಬಿಜೆಪಿಯ ರಘುನಂದನ್ ರಾವ್ ಸುಮಾರು 39 ಸಾವಿರ ಮತಗಳಿಂದ ಗೆದ್ದಿದ್ದರು. ಕಾಂಗ್ರೆಸ್ಸು ಎರಡನೆಯದು, ಬಿಆರ್‌ಎಸ್ ಮೂರನೆಯದು.

ಗೆದ್ದವರು ಯಾರು ಎಂಬುದಕ್ಕಿಂತ ಮೂರನೆಯ ಸ್ಥಾನ ಯಾರದು ಎಂಬುದೇ ನನಗೆ ದೊಡ್ಡ ಸುದ್ದಿ ಅನ್ನಿಸಿತು. ಆರು ತಿಂಗಳ ಹಿಂದೆ, 2023ರ ನವೆಂಬರ್ 30ರ ವಿಧಾನಸಭಾ ಚುನಾವಣೆಯಲ್ಲಿ, ಇದೇ ಮೆದಕ್‌ನ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಆರನ್ನು ಬಿಆರ್‌ಎಸ್ ಗೆದ್ದಿತ್ತು. ಪಟಾನ್‌ಚೆರು ಆ ಆರರಲ್ಲಿ ಒಂದು. ಕೆಸಿಆರ್ ಅವರ ಗಜ್ವೇಲ್, ಹರೀಶ್ ರಾವ್ ಅವರ ಸಿದ್ದಿಪೇಟೆ ಕೂಡ ಇದರೊಳಗೇ ಇವೆ. 2004ರಿಂದ ಆ ಪಕ್ಷ ಇಲ್ಲಿ ಲೋಕಸಭೆಗೆ ಸೋತದ್ದೇ ಇರಲಿಲ್ಲ. ರಘುನಂದನ್ ರಾವ್ ಸ್ವತಃ ನವೆಂಬರ್‌ನಲ್ಲಿ ಇದೇ ಕ್ಷೇತ್ರದ ದುಬ್ಬಾಕದಲ್ಲಿ ಸೋತಿದ್ದರು. ಅದೇ ಮತದಾರರು, ಅದೇ ಶಾಲೆ ಕಟ್ಟಡದ ಅದೇ ಬೂತು. ಆರು ತಿಂಗಳಲ್ಲಿ ಲಕ್ಷಗಟ್ಟಲೆ ಬೆರಳುಗಳು ಬೇರೆ ಗುಂಡಿ ಒತ್ತಿದ್ದವು. ಮೇ ತಿಂಗಳಿಡೀ ನಾನು ಈ ಊರಲ್ಲೇ ಓಡಾಡಿದ್ದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಜೊತೆ, ಇಸ್ನಾಪುರದ ಚಹಾ ಅಂಗಡಿಯಲ್ಲಿ, ಪಾಶಮೈಲಾರಂ ಫ್ಯಾಕ್ಟರಿಗಳಿಗೆ ಹೋಗುವ ಹುಡುಗರ ಜೊತೆ ಮಾತಾಡಿದ್ದೆ. ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಸಂಜೆ ಊರಿಗೆ ಫೋನ್ ಮಾಡಿದೆ. ನಮ್ಮದು ಬೀದರ್ ಜಿಲ್ಲೆ. ಪಟಾನ್‌ಚೆರುವಿನಿಂದ ಮುಂಬೈ ಹೆದ್ದಾರಿ ಹಿಡಿದರೆ ಜಹೀರಾಬಾದ್ ದಾಟಿ ನಮ್ಮ ಕಡೆಗೇ ಬರುತ್ತದೆ. ಅಲ್ಲಿ ನಡೆದದ್ದು ಇನ್ನೂ ವಿಚಿತ್ರ. 2023ರ ಮೇನಲ್ಲಿ ಇಡೀ ಕರ್ನಾಟಕ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟಾಗ, ಬೀದರ್ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಐದನ್ನು ಬಿಜೆಪಿ ಗೆದ್ದಿತ್ತು. ಒಂದೇ ವರ್ಷದ ನಂತರ, ರಾಜ್ಯದ 28ರಲ್ಲಿ 19 ಸ್ಥಾನ ಬಿಜೆಪಿ-ಜೆಡಿಎಸ್ ಮೈತ್ರಿಗೆ ಹೋದಾಗ, ಬೀದರ್ ಮಾತ್ರ ಕಾಂಗ್ರೆಸ್ಸಿನ ಸಾಗರ್ ಖಂಡ್ರೆಯವರನ್ನು ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತು. ಎರಡು ಸಲವೂ ರಾಜ್ಯ ಹೋದ ದಾರಿ ಒಂದು, ಬೀದರ್ ಹೋದ ದಾರಿ ಇನ್ನೊಂದು.

"ಏನ್ ಕಾಕಾ, ಎಲ್ಲರೂ ಹೊಳ್ಳಿಬಿಟ್ರಲ್ಲ?" ಅಂದೆ.

ಕಾಕಾ ನಕ್ಕರು. "ನಿನಗ ಹೊಸಾದು. ನಾವು ಎಂಬತ್ನಾಕರಾಗೇ ಹೊಳ್ಳಿದ್ವಿ" ಅಂದರು.

ಕಾಕಾ ಹೇಳುತ್ತಿದ್ದದ್ದು 1984ರ ಡಿಸೆಂಬರ್ ಮತ್ತು 1985ರ ಮಾರ್ಚ್ ನಡುವಿನ ಕತೆ. ಭಾರತದ ಚುನಾವಣಾ ಚರಿತ್ರೆಯಲ್ಲಿ ಮತದಾರ ಇಷ್ಟು ಕಡಿಮೆ ಅವಧಿಯಲ್ಲಿ, ಇಷ್ಟು ಸ್ಪಷ್ಟವಾಗಿ ಎರಡು ಬೇರೆ ತೀರ್ಪು ಕೊಟ್ಟ ಉದಾಹರಣೆಗಳು ಕಡಿಮೆ. ಆಗ ನಾನು ಐದು ವರ್ಷದವನು. ಆಮೇಲೆ ಓದಿ, ಅಂಕಿಅಂಶ ಜೋಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ. ಕರ್ನಾಟಕ ಬಹುಕಾಲ ಕಾಂಗ್ರೆಸ್ಸಿನ ಭದ್ರಕೋಟೆ. ತುರ್ತುಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ, ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಕರ್ನಾಟಕ ಮಾತ್ರ 28ರಲ್ಲಿ 26 ಕೊಟ್ಟಿತು. ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ ಸಂಸತ್ತಿಗೆ ಮರಳಿದ್ದು 1978ರ ಚಿಕ್ಕಮಗಳೂರು ಉಪಚುನಾವಣೆಯಿಂದ. 1980ರಲ್ಲಿ ಅವರು ರಾಯ್‌ಬರೇಲಿ, ಮೆದಕ್ ಎರಡರಲ್ಲೂ ನಿಂತು ಗೆದ್ದು, ಮೆದಕ್ ಉಳಿಸಿಕೊಂಡರು. ಅದೇ ವರ್ಷ ಕರ್ನಾಟಕ ಅವರ ಪಕ್ಷಕ್ಕೆ 28ರಲ್ಲಿ 27 ಕೊಟ್ಟಿತು.

ಅಲ್ಲಿಂದ ಮೂರೇ ವರ್ಷದಲ್ಲಿ ರಾಜ್ಯ ಸರಕಾರದ ಮೇಲೆ ಜನಕ್ಕೆ ಬೇಸರ ಬಂತು. 1980ರ ನರಗುಂದ-ನವಲಗುಂದದ ರೈತ ಹೋರಾಟ ಮತ್ತು ಗೋಲಿಬಾರ್, 1982ರ ಗೋಕಾಕ್ ಚಳವಳಿ, ಗುಂಡೂರಾವ್ ಆಡಳಿತದ ಮೇಲಿನ ಸಿಟ್ಟು ಒಟ್ಟಾಗಿ 1983ರ ಜನವರಿಯಲ್ಲಿ ಕಾಂಗ್ರೆಸ್ಸನ್ನು ಮೊದಲ ಸಲ ರಾಜ್ಯದ ಅಧಿಕಾರದಿಂದ ಇಳಿಸಿದವು. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ರಾಮಕೃಷ್ಣ ಹೆಗಡೆ ಹೊರಗಿನ ಬೆಂಬಲದ ಮೇಲೆ ನಿಂತ ಅಲ್ಪಮತದ ಸರಕಾರ ನಡೆಸಿದರು.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾಯಿತು. ಆಗ ಅವರು ಮೆದಕ್‌ನ ಸಂಸದೆ. ಡಿಸೆಂಬರ್ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜೀವ್ ಗಾಂಧಿಯವರ ಕಾಂಗ್ರೆಸ್ 400 ದಾಟಿತು. ಕರ್ನಾಟಕದಲ್ಲಿ 28ರಲ್ಲಿ 24 ಕಾಂಗ್ರೆಸ್ಸಿಗೆ, ಹೆಗಡೆಯವರ ಜನತಾ ಪಕ್ಷಕ್ಕೆ ಬರೀ ನಾಲ್ಕು. ಕಾಂಗ್ರೆಸ್ಸಿನ ಮತ ಪ್ರಮಾಣ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಹೆಗಡೆ ಸೋಲಿನ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ ಹೊಸ ಚುನಾವಣೆಗೆ ಹೋದರು. ದೇಶದಲ್ಲಿ ಇನ್ನೂ ಅನುಕಂಪದ ಗಾಳಿ ಬೀಸುತ್ತಿದ್ದ ಹೊತ್ತು ಅದು. ಮಾರ್ಚ್ ಮೊದಲ ವಾರ ಮತದಾನವಾಯಿತು. ಜನತಾ ಪಕ್ಷಕ್ಕೆ 224ರಲ್ಲಿ 139 ಬಂತು, ಕಾಂಗ್ರೆಸ್ಸಿಗೆ 65. ನಡುವೆ ಕಳೆದದ್ದು ಹತ್ತು ವಾರದ ಆಸುಪಾಸು.

ನಮ್ಮ ಮನೆಯ ಪಾಲು ಇದರಲ್ಲಿ ಹೀಗಿತ್ತು. ಅಜ್ಜ ಪಕ್ಕಾ ಕಾಂಗ್ರೆಸ್ಸು. ಮನೆಯಲ್ಲಿ ಬೇರೆ ಪಕ್ಷದ ಹೆಸರು ಎತ್ತುವಂತಿರಲಿಲ್ಲ. ಕಾಕಾ ಆಗ ಇಪ್ಪತ್ತೈದರ ಹುಡುಗ. ಡಿಸೆಂಬರ್‌ನಲ್ಲಿ ಇಬ್ಬರೂ ಒಟ್ಟಿಗೇ ಹೋಗಿ ಕೈಗೆ ಒತ್ತಿ ಬಂದರು. ಮಾರ್ಚ್‌ನಲ್ಲೂ ಒಟ್ಟಿಗೇ ಹೋದರು. ಕಾಕಾ ಚಕ್ರದೊಳಗಿನ ನೇಗಿಲು ಹೊತ್ತ ರೈತನ ಮೇಲೆ ಮುದ್ರೆ ಒತ್ತಿದರು, ಅಪ್ಪನಿಗೆ ಗೊತ್ತಾದರೆ ಏನು ಗತಿ ಎಂದು ದಾರಿಯುದ್ದಕ್ಕೂ ಮಾತಾಡದೆ ಬಂದರು. ಎಷ್ಟೋ ವರ್ಷದ ಮೇಲೆ, ಅಜ್ಜ ಹಾಸಿಗೆ ಹಿಡಿದಿದ್ದಾಗ ಈ ಮಾತು ಹೊರಬಿತ್ತು. ಅಜ್ಜನೂ ಮಾರ್ಚ್‌ನಲ್ಲಿ ರೈತನಿಗೇ ಒತ್ತಿದ್ದರಂತೆ. ಮಗನಿಗೆ ಗೊತ್ತಾದರೆ ಮರ್ಯಾದೆ ಹೋದೀತೆಂದು ಅವರೂ ಮಾತಾಡಿರಲಿಲ್ಲ.

"ಡಿಸೆಂಬರ್‌ದಾಗ ಆಕಿಗಿ ಹಾಕಿದ್ವಿ. ಮಾರ್ಚ್‌ದಾಗ ನಮಗ ಹಾಕ್ಕೊಂಡ್ವಿ" ಅನ್ನುತ್ತಾರೆ ಕಾಕಾ.

ಈ ಮಾತನ್ನು ಅಂಕಿಗಳ ಪಕ್ಕ ಇಟ್ಟು ನೋಡಬೇಕು. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ನನಗೆ ಕಲಿಸಿದ ಒಂದು ಅಭ್ಯಾಸವೆಂದರೆ, ದೊಡ್ಡ ಬದಲಾವಣೆ ಕಂಡಾಗ ಅದರ ಹಿಂದೆ ಎಷ್ಟು ಜನ ನಿಜವಾಗಿ ಕದಲಿದ್ದಾರೆ ಎಂದು ಕೇಳುವುದು. 1984ರಲ್ಲಿ ಜನತಾ ಪಕ್ಷಕ್ಕೆ ನೂರಕ್ಕೆ ಸುಮಾರು 35 ಮತ, 1985ರಲ್ಲಿ ಸುಮಾರು 44. ಕಾಂಗ್ರೆಸ್ಸು ಸುಮಾರು 52ರಿಂದ 41ಕ್ಕೆ ಇಳಿಯಿತು. ಸೀಟುಗಳ ಲೆಕ್ಕದಲ್ಲಿ ಭೂಕಂಪ, ಮತದ ಲೆಕ್ಕದಲ್ಲಿ ನೂರರಲ್ಲಿ ಹತ್ತು ಹನ್ನೊಂದು ಜನ. ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಮೂರು ಪರ್ಸೆಂಟಿನ ಮುನ್ನಡೆ 139-65ರ ಅಂತರವಾಗಿ ಹಿಗ್ಗುತ್ತದೆ. ಇದು ನಿವ್ವಳ ಲೆಕ್ಕ ಮಾತ್ರ. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟಿದವರು, ಒಂದು ಸಲ ಬಂದು ಇನ್ನೊಂದು ಸಲ ಬಾರದವರು ಎಲ್ಲ ಅದರೊಳಗೆ ಅಡಗಿದ್ದಾರೆ. ಹಾಗಾಗಿ ಇಡೀ ರಾಜ್ಯ ಮನಸ್ಸು ಬದಲಿಸಿತು ಎನ್ನುವುದು ಉತ್ಪ್ರೇಕ್ಷೆ. ಪ್ರತಿ ಹತ್ತು ಜನರಲ್ಲಿ ಒಬ್ಬ ಸದ್ದಿಲ್ಲದೆ ದಾಟಿದ, ಅಷ್ಟೇ ಸಾಕಾಯಿತು.

ಯಾಕೆ ದಾಟಿದ? ದಿಲ್ಲಿಯಲ್ಲಿ ಯಾರಿರಬೇಕು, ಬೆಂಗಳೂರಿನಲ್ಲಿ ಯಾರಿರಬೇಕು ಎಂಬುದು ಅವನಿಗೆ ಎರಡು ಬೇರೆ ಪ್ರಶ್ನೆಗಳಾಗಿದ್ದವು. ಹೆಗಡೆ ಸರಕಾರದ ಎರಡು ವರ್ಷಗಳಲ್ಲಿ ಕಣ್ಣಿಗೆ ಕಾಣುವಂಥ ಕೆಲಸಗಳಾಗಿದ್ದವು. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆಗಿದ್ದರು. ಜಿಲ್ಲಾ ಪರಿಷತ್, ಮಂಡಲ ಪಂಚಾಯತಿಗಳ ಮಾತು ನಡೆದಿತ್ತು. ಲೋಕಾಯುಕ್ತ ಕಾಯ್ದೆ 1984ರದ್ದು. ಸತ್ತ ತಾಯಿಗೆ ಸಲ್ಲಬೇಕಾದ್ದನ್ನು ಡಿಸೆಂಬರ್‌ನಲ್ಲೇ ಸಲ್ಲಿಸಿದ್ದ ರೈತ, ಮಾರ್ಚ್‌ನಲ್ಲಿ ಬೋರ್‌ವೆಲ್ಲಿನ ಲೆಕ್ಕ ಹಾಕಿದ.

ಗಡಿಯಾಚೆ ಆಂಧ್ರದಲ್ಲಿ ಇದು ಬೇರೆ ತರಹ ನಡೆಯಿತು. ಅಲ್ಲಿಯ ಮತದಾರ ಎರಡು ತೀರ್ಪು ಕೊಡಲಿಲ್ಲ. ಡಿಸೆಂಬರ್‌ನಲ್ಲೂ, ಮಾರ್ಚ್‌ನಲ್ಲೂ ಎನ್.ಟಿ. ರಾಮರಾವ್ ಜೊತೆಗೇ ನಿಂತ. ತೆಲುಗು ದೇಶಂ ಲೋಕಸಭೆಯ ಎರಡನೇ ದೊಡ್ಡ ಪಕ್ಷವಾಯಿತು. ಇಂದಿರಾ ಪ್ರತಿನಿಧಿಸುತ್ತಿದ್ದ ಮೆದಕ್ ಕೂಡ, ಅವರ ಹತ್ಯೆಯಾದ ಎರಡೇ ತಿಂಗಳಲ್ಲಿ, ತೆಲುಗು ದೇಶಂ ಪಾಲಾಯಿತು. 1956ರವರೆಗೆ ಬೀದರ್, ಮೆದಕ್ ಎರಡೂ ಹೈದರಾಬಾದ್ ರಾಜ್ಯದ ಅಕ್ಕಪಕ್ಕದ ಜಿಲ್ಲೆಗಳು. ಜಹೀರಾಬಾದ್ ಆಗ ಬೀದರ್‌ಗೇ ಸೇರಿತ್ತು. ಆದರೆ ಒಂದೇ ದುಃಖವನ್ನು ಅವರು ಒಂದು ಬಗೆಯಲ್ಲಿ, ನಾವು ಇನ್ನೊಂದು ಬಗೆಯಲ್ಲಿ ಲೆಕ್ಕಕ್ಕೆ ತೆಗೆದುಕೊಂಡೆವು.

ಇನ್ನೊಂದು ದಿನಾಂಕ ಗಮನಿಸಿ. ಶಾಸಕರ, ಸಂಸದರ ಪಕ್ಷಾಂತರ ತಡೆಯುವ 52ನೇ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿದ್ದು 1985ರ ಜನವರಿ ಕೊನೆಯಲ್ಲಿ, ಸರಿಯಾಗಿ ಈ ಎರಡು ಚುನಾವಣೆಗಳ ನಡುವೆ. ಗೆದ್ದವರು ದಾಟಬಾರದೆಂದು ಕಾನೂನು ಬಂದ ಹೊತ್ತಿನಲ್ಲೇ ಗೆಲ್ಲಿಸುವವರು ನಿರಾತಂಕವಾಗಿ ದಾಟಿದರು. ನಾಯಕ ದಾಟಿದರೆ ರೆಸಾರ್ಟು, ಬಸ್ಸು, ಟಿವಿ ಎಲ್ಲ ಬೇಕು. ಮತದಾರನಿಗೆ ಒಂದು ರಟ್ಟಿನ ಮರೆ ಸಾಕು.

ಎರಡೂ ಚುನಾವಣೆ ಒಂದೇ ದಿನ ಬಂದರೆ? ಇದು ಈಗ ಬರೀ ಚರಿತ್ರೆಯ ಪ್ರಶ್ನೆ ಅಲ್ಲ. ಏಕಕಾಲದ ಚುನಾವಣೆಗಾಗಿ 129ನೇ ತಿದ್ದುಪಡಿ ಮಸೂದೆ 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಿದೆ. ಕರ್ನಾಟಕ ಇದನ್ನು ನೋಡಿದೆ. 2004ರಲ್ಲಿ ಒಂದೇ ಬೂತಿನಲ್ಲಿ ಎರಡು ಯಂತ್ರ ಇಟ್ಟಿದ್ದರು. ವಿಧಾನಸಭೆಗೆ ಬಿಜೆಪಿ 224ರಲ್ಲಿ 79 ಗೆದ್ದಿತು, ಲೋಕಸಭೆಗೆ 28ರಲ್ಲಿ 18. ಮತ ಪ್ರಮಾಣ ವಿಧಾನಸಭೆಗೆ ಸುಮಾರು 28, ಲೋಕಸಭೆಗೆ ಸುಮಾರು 35. ಇದರಲ್ಲಿ ಒಂದಿಷ್ಟು ಮೈತ್ರಿಯ ಸೀಟು ಹಂಚಿಕೆಯ ಪರಿಣಾಮ. ಆದರೂ ಎರಡು ಹೆಜ್ಜೆ ಅಂತರದ ಯಂತ್ರಗಳಲ್ಲಿ ಬೇರೆ ಬೇರೆ ಗುಂಡಿ ಒತ್ತಿದವರು ಇದ್ದೇ ಇದ್ದರು. ಆದರೆ 1984-85ರಂಥದ್ದು ಒಂದೇ ದಿನದಲ್ಲಿ ಆಗುತ್ತಿತ್ತೇ? ನನಗೆ ಅನುಮಾನ. ಅಜ್ಜನಿಗೆ ದುಃಖ ಇಳಿಯಲು ಆ ಹತ್ತು ವಾರ ಬೇಕಿತ್ತು.

ಕಾಲಾವಕಾಶಕ್ಕಿಂತಲೂ ಮುಖ್ಯವಾಗಿ ಬೇಕಿದ್ದದ್ದು ಗುಟ್ಟು. 1951-52ರ ಮೊದಲ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯಿತು. ಆಮೇಲೆ ಎಲ್ಲರ ಹೆಸರಿರುವ ಒಂದೇ ಚೀಟಿ, ಅದರ ಮೇಲೆ ಮುದ್ರೆ. ಬೇರೆ ಬೇರೆ ಬೂತಿನ ಚೀಟಿಗಳನ್ನು ಬೆರೆಸಿ ಎಣಿಸುವ ಕ್ರಮವೂ ಇತ್ತು. ಹಾಗೆ ಬೆರೆಸಿದಾಗ ಯಾವ ಓಣಿ ಯಾರಿಗೆ ಹಾಕಿತು ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಎಲೆಕ್ಟ್ರಾನಿಕ್ ಯಂತ್ರ ಬಂದ ಮೇಲೆ ಪ್ರತಿ ಬೂತಿನ ಯಂತ್ರವನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ, ಬೂತ್‌ವಾರು ಲೆಕ್ಕ ಯಾರು ಬೇಕಾದರೂ ನೋಡಬಹುದು. ವ್ಯಕ್ತಿಯ ಗುಟ್ಟು ಉಳಿಯಿತು, ಓಣಿಯ ಗುಟ್ಟು ಹೋಯಿತು. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಒಟ್ಟು ಮೊತ್ತ ಮಾತ್ರ ತೋರಿಸುವ 'ಟೋಟಲೈಸರ್' ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ಬೂತ್‌ವಾರು ಲೆಕ್ಕ ಇದ್ದರೆ ಅಕ್ರಮ ಪತ್ತೆ ಹಚ್ಚುವುದು ಸುಲಭ ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ನನ್ನ ಕಣ್ಣ ಮುಂದೆ ಬರುವುದು ಕಾಕಾ ಹೇಳಿದ ಇನ್ನೊಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಒಂದು ಚುನಾವಣೆ ಮುಗಿದ ಮೇಲೆ ಊರಿನ ಮುಖಂಡರೊಬ್ಬರು ಒಂದು ಹಾಳೆ ಹಿಡಿದು ನಮ್ಮ ಓಣಿಗೆ ಬಂದರಂತೆ. ಅದರಲ್ಲಿ ನಮ್ಮ ಬೂತಿನ ಲೆಕ್ಕ ಇತ್ತು. ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಿದರು. ಅವರು ಎಣಿಸಿಕೊಂಡಿದ್ದಕ್ಕಿಂತ ನೂರಾ ಇಪ್ಪತ್ತು ಮತ ಕಡಿಮೆ ಬಿದ್ದಿದ್ದವು. ಯಾರ ಹೆಸರನ್ನೂ ಹೇಳಲಿಲ್ಲ. "ಎಲ್ಲರೂ ನೆಲ ನೋಡ್ಕೋತ ಕೂತಿದ್ವಿ" ಅಂದರು ಕಾಕಾ. ಆ ವರ್ಷ ಮಂಜೂರಾಗಿದ್ದ ಓಣಿಯ ಚರಂಡಿ ಪಕ್ಕದ ಓಣಿಗೆ ಹೋಯಿತು.

"ಮುಂದಿನ ಸಲ ಏನ್ ಮಾಡಿದ್ರಿ ಕಾಕಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓಟು ಅಂದ್ರ ಹೇಳಿ ಹಾಕೋದಲ್ಲಪ್ಪಾ" ಅಂದವರೇ, ಮಳೆಯ ಮಾತು ತೆಗೆದರು.